ನಲ್ಲಿ ಮೂಳೆಯ ನ್ಯಾಯ

ಐವತ್ತರ ಹತ್ತಿರಕ್ಕೆ ಬಂದ ಗಂಡಸಿಗೆ ಸಾಮಾನ್ಯವಾಗಿ ಸಕ್ಕರೆ ಕಾಯಿಲೆ ಬರುತ್ತದೆ, ಇಲ್ಲವೇ ಬಿ.ಪಿ. ಬರುತ್ತದೆ. ನಮ್ಮ ಕಾಲೇಜಿನ ಗಣಿತದ ಮೇಷ್ಟರಿಗೆ ಆದಂತೆ ಕೆಲವರಿಗೆ ತಡವಾಗಿ ಭಕ್ತಿ ಬರುವುದೂ ಉಂಟು. ನನಗೆ ಪಿಎಚ್.ಡಿ. ಬಂತು. ಮೊದಮೊದಲು ತಾನಾಗಿಯೇ ವಾಸಿಯಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಮದ್ದೂರಿನಲ್ಲಿ ಸಮಾಜಶಾಸ್ತ್ರದ ಪಾಠ ಹೇಳಿಕೊಂಡು, ಸಂಜೆ ಸ್ಟೇಷನ್ ರಸ್ತೆಯಲ್ಲಿ ಕಾಫಿ ಕುಡಿದುಕೊಂಡು ನೆಮ್ಮದಿಯಾಗಿದ್ದವನು ನಾನು. ಎಲ್ಲರೂ ಮಾಡುತ್ತಿದ್ದಾರಲ್ಲ ಎಂಬ ಒಂದೇ ಕಾರಣಕ್ಕೆ ಹೋಗಿ ಹೆಸರು ನೋಂದಾಯಿಸಿಕೊಂಡೆ. ವಿಷಯ ಹೀಗಿತ್ತು: 'ಯುವಜನರಲ್ಲಿ ಅಸಮಾನತೆ, ಹಿಂಸೆ ಮತ್ತು ನ್ಯಾಯದ ಕಲ್ಪನೆ: ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳನ್ನು ಅನುಲಕ್ಷಿಸಿ.' ಈ 'ಅನುಲಕ್ಷಿಸಿ' ಎಂಬುದೊಂದು ಇಲ್ಲದಿದ್ದರೆ ನಮ್ಮಲ್ಲಿ ಯಾವ ಪ್ರಬಂಧಕ್ಕೂ ಮರ್ಯಾದೆ ಇಲ್ಲ.

ವಿಷಯವನ್ನು ಮೊದಲು ಓದಿ ಹೇಳಿದ್ದು ನನ್ನ ಹೆಂಡತಿ ಭಾಗ್ಯಳಿಗೆ. ಅವಳು ಮಳವಳ್ಳಿ ಕಡೆಯವಳು, ಬಂಡೂರಿನ ಪಕ್ಕದ ಒಂದು ಸಣ್ಣ ಹಳ್ಳಿ. ಆ ಕಡೆಯವರು ಮಾತಿಗೆ ಒಗ್ಗರಣೆ ಹಾಕುವುದಿಲ್ಲ. "ಇದುನ್ನ ತಿಳ್ಕಳಕ್ಕೆ ಯೂನಿವರ್ಸಿಟಿಗಂಟ ಯಾಕ್ರೀ ಓಗ್ಬೇಕು? ವಸಿ ಅಡುಗೆಮನೆಗೆ ಬಂದ್ರೆ ಆಗಕಿಲ್ವಾ?" ಅಂದಳು. ನಾನು ಅದನ್ನು ತಮಾಷೆ ಎಂದುಕೊಂಡು ನಕ್ಕೆ. ಸಂಶೋಧಕರಿಗೆ ಕಣ್ಣೆದುರು ಬಂದ ಸಾಕ್ಷ್ಯ ಕಾಣಿಸದಿರುವುದು ಒಂದು ಸಾಮಾನ್ಯ ದೋಷ, ಅದನ್ನು ನಾನೇ ತರಗತಿಯಲ್ಲಿ ಪಾಠ ಮಾಡಿದ್ದೇನೆ.

ವರ್ಷಗಳು ಕಳೆದವು. ಮೈಸೂರಿನಲ್ಲಿರುವ ನನ್ನ ಮಾರ್ಗದರ್ಶಕಿ ನನಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವರು. ನನ್ನನ್ನು ಬಾಯ್ತುಂಬ 'ಸರ್' ಎಂದು ಕರೆದು, ಅಷ್ಟೇ ಗೌರವದಿಂದ ನನ್ನ ಅಧ್ಯಾಯಗಳನ್ನು ಹೊಡೆದು ಹಾಕುತ್ತಾರೆ. ಪ್ರತಿ ಸಲವೂ ಅವರಿಗೊಂದು ಪೊಟ್ಟಣ ಮದ್ದೂರು ವಡೆ ಒಯ್ಯುತ್ತಿದ್ದೆ. ವಡೆಗೆ ಅವರು ಒಮ್ಮೆಯೂ ತಿದ್ದುಪಡಿ ಹೇಳಿದವರಲ್ಲ. ಅವಧಿ ವಿಸ್ತರಣೆ ಕೇಳಿ ಕೇಳಿ, ಕೊನೆಗೆ ಇನ್ನು ವಿಸ್ತರಣೆಯೇ ಇಲ್ಲ ಎನ್ನುವ ಹಂತಕ್ಕೆ ಬಂದಾಗ ಅವರೊಂದು ಮಾತು ಕೇಳಿದರು. "ಸರ್, ಇಡೀ ಪ್ರಬಂಧದಲ್ಲಿ ಒಬ್ಬ ಹುಡುಗಿಯೂ ಬಾಯಿ ಬಿಟ್ಟಿಲ್ಲ. ಮೂರು ತಾಲ್ಲೂಕಿನಲ್ಲಿ ಹುಡುಗಿಯರೇ ಇಲ್ಲವಾ? ತಿಂಗಳ ಕೊನೆಯೊಳಗೆ ಅವರ ಮಾತು ಬರಬೇಕು. ಇಲ್ಲದಿದ್ದರೆ ನಾನು ಸಹಿ ಹಾಕಲ್ಲ."

ಸಹಿ ಬೀಳದಿದ್ದರೆ ನೋಂದಣಿ ರದ್ದು. ರದ್ದಾದರೆ ನನಗೇನೂ ದೊಡ್ಡ ನಷ್ಟವಿರಲಿಲ್ಲ, ಆದರೆ ಊರಿಗೆ ಮುಖ ತೋರಿಸುವುದು ಹೇಗೆ? ನನ್ನ ಭಾವಮೈದ, ಎಂದರೆ ಭಾಗ್ಯಳ ತಮ್ಮ ಸಿದ್ದರಾಜು, ತನ್ನ ಮಗನ ನಾಮಕರಣದ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ಆಗಲೇ 'ಡಾ.' ಎಂದು ಅಚ್ಚು ಹಾಕಿಸಿಬಿಟ್ಟಿದ್ದ. ಆ ಊರಿನ ಅಜ್ಜಿಯರು ನನಗೆ ಮಂಡಿ ತೋರಿಸಿ ಮಾತ್ರೆ ಕೇಳುವುದೂ ಶುರುವಾಗಿತ್ತು. ಹೀಗೆ ಅರ್ಧ ದಾರಿಗೆ ಡಾಕ್ಟರಾದವನಿಗೆ ಹಿಂದಕ್ಕೆ ಬರಲಾಗುವುದಿಲ್ಲ.

ಹುಡುಗಿಯರನ್ನು ಮಾತಾಡಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ನಮ್ಮ ಕಾಲೇಜಿನಲ್ಲಿ ಕೂರಿಸಿ ಕೇಳಿದೆ, ಎಲ್ಲರೂ ತಮ್ಮ ತಮ್ಮ ಕಾಲ್ಬೆರಳು ನೋಡಿದರು. ಬಸರಾಳಿನಲ್ಲಿ ದೇವಸ್ಥಾನದ ನೆರಳಲ್ಲಿ ಕೇಳಿದೆ, ಒಬ್ಬಳು ನನ್ನ ಎಲ್ಲ ಪ್ರಶ್ನೆಗಳಿಗೂ "ನಮ್ಮಣ್ಣುನ್ನ ಕೇಳಿ ಸಾ" ಎಂದು ಒಂದೇ ಉತ್ತರ ಕೊಟ್ಟಳು. ಕೊನೆಗೆ ಸಿದ್ದರಾಜುವಿಗೆ ಫೋನು ಮಾಡಿ, ನಿಮ್ಮೂರಿನಲ್ಲೇ ಒಂದು ಚರ್ಚಾಕೂಟ ಮಾಡೋಣ, ಟೀ ಬಿಸ್ಕತ್ತಿನ ವ್ಯವಸ್ಥೆ ನನ್ನದು ಅಂದೆ.

"ಟೀ ಬಿಸ್ಕತ್ತಿಗೆಲ್ಲಾ ನಮ್ ಐಕ್ಳು ಬರಕಿಲ್ಲ ಭಾವ," ಅಂದ. "ವಸಿ ಬಾಡು ಬೇಯಿಸ್ಬುಡಿ. ಅಸಮಾನತೆನಾದ್ರೂ ಕೇಳಿ, ಇನ್ನೊಂದಾದ್ರೂ ಕೇಳಿ, ಏಳ್ತವೆ."

"ಹುಡುಗಿಯರೇ ಮುಖ್ಯ ಕಣಪ್ಪ. ಅವರು ಬರ್ತಾರೆ ತಾನೆ?"

"ಬರ್ದೆ ಎಲ್ಲೋದಾರು? ಬಡ್ಸೋರ್ ಯಾರು ಮತ್ತೆ?"

ಇದನ್ನು ಕೇಳಿ ನನಗಾದ ಸಂತೋಷ ಹೇಳತೀರದು. ಹುಡುಗಿಯರು ಬರುತ್ತಾರೆ ಎಂಬುದಷ್ಟೇ ನನ್ನ ಕಿವಿಗೆ ಬಿತ್ತು. ಊಟ ಎಂದಮೇಲೆ ಬಂಡೂರು ಕುರಿಯೇ ಆಗಬೇಕು, ಆ ಸೀಮೆಯಲ್ಲಿ ಬೇರೆ ಕುರಿ ಕುಯ್ಯಿಸಿದರೆ ನೆಂಟಸ್ತನ ಕೆಡುತ್ತದೆ. ಅದರ ಬೆಲೆ ಕೇಳಿದ ಮೇಲೆ, ಸಸ್ಯಾಹಾರಿ ಊರೊಂದನ್ನು ಅನುಲಕ್ಷಿಸಬಹುದಿತ್ತಲ್ಲ ಅನ್ನಿಸಿತು.

ಭಾನುವಾರ ಗಂಡಹೆಂಡಿರು ಹೋದೆವು. ಶಾಮಿಯಾನದ ಕೆಳಗೆ ಹುಡುಗರು ಆಗಲೇ ತುಂಬಿದ್ದರು. ಹುಡುಗಿಯರೂ ಬಂದಿದ್ದರು, ಆದರೆ ಹಿತ್ತಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅವರನ್ನು ಇಲ್ಲಿ ದುಂಡಗೆ ಕೂರಿಸಿ ಎಂದರೆ ಸಿದ್ದರಾಜು, "ಮುದ್ದೆ ಕಟ್ಟೋರ್ಯಾರು ಭಾವ? ಊಟ ಆಗ್ಲಿ ಬುಡಿ" ಅಂದ. ಭಾಗ್ಯ ಸೀರೆ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ನಾನು ಫೋನನ್ನು ರೆಕಾರ್ಡಿಗೆ ಹಾಕಿ ಹುಡುಗರ ಜೊತೆಗೇ ಶುರು ಮಾಡಿದೆ. ನಿಮ್ಮೂರಿನಲ್ಲಿ ತಾರತಮ್ಯವಿದೆಯೇ?

"ಯಾವ್ದೂ ಇಲ್ಲ ಸಾ. ಎಲ್ಲಾ ಅಣ್ತಮ್ಮಂದಿರಂಗಿವಿ."

ಹೆಣ್ಣುಮಕ್ಕಳ ವಿಷಯದಲ್ಲಿ?

"ಅವ್ರುನ್ನ ದೇವ್ರಂಗೆ ನೋಡ್ಕಂಡಿವಿ ಸಾ," ಎಂದ ಅಭಿ ಎಂಬ ಗಟ್ಟಿದನಿಯ ಹುಡುಗ, ಹಾಗೇ ಹಿತ್ತಲ ಕಡೆ ತಿರುಗಿ, "ಅಮ್ಮೀ, ನೀರ್ ತತ್ತಾರೇ! ಎಷ್ಟೊತ್ತು?" ಎಂದು ಕೂಗಿದ. ಮೊದಲ ವಾಕ್ಯವನ್ನು ನಾನು ಅಭಿಪ್ರಾಯ ಎಂದು ಪರಿಗಣಿಸಿದೆ. ಎರಡನೆಯದನ್ನು ಗಲಾಟೆಯ ಲೆಕ್ಕಕ್ಕೆ ಹಾಕಿದೆ.

ಪಂಕ್ತಿ ಕೂತಿತು. ಪಂಕ್ತಿಯ ತಲೆಯಲ್ಲಿ, ಫ್ಯಾನಿನ ಎದುರಿಗೆ, ನನ್ನ ಎಲೆ. ಆಮೇಲೆ ಸಿದ್ದರಾಜುವಿನ ಬೀದಿಯವರು, ಆಮೇಲೆ ಅವರ ಸ್ನೇಹಿತರು. ಶಾಮಿಯಾನ ಮುಗಿದು ಬಿಸಿಲು ಶುರುವಾಗುವಲ್ಲಿ ಊರಾಚೆಯ ಬೀದಿಯಿಂದ ಬಂದ ಕೆಲವರು. ಅಲ್ಲಿ ಕೂರಿ ಎಂದು ಅವರಿಗೆ ಯಾರೂ ಹೇಳಲಿಲ್ಲ. ಅವರಿಗೇ ಗೊತ್ತಿತ್ತು. ನನ್ನ ಜಾಗವೂ ನನಗೆ ಯಾರೂ ಹೇಳದೆಯೇ ಗೊತ್ತಿತ್ತು ನೋಡಿ, ಹೋಗಿ ಕೂತುಬಿಟ್ಟೆ.

ಇಲ್ಲಿ ನಲ್ಲಿ ಮೂಳೆಯ ಬಗ್ಗೆ ಒಂದು ಮಾತು ಹೇಳಬೇಕು. ಕುರಿಯ ಕಾಲಿನ ಪೊಳ್ಳು ಮೂಳೆ ಅದು. ಒಳಗೆ ಬೆಣ್ಣೆಯಂಥ ಮಜ್ಜೆ ಇರುತ್ತದೆ, ತಟ್ಟಿ ತಟ್ಟಿ ಹೀರಬೇಕು. ಕುರಿಗೆ ಇರುವುದೇ ನಾಲ್ಕು ಕಾಲು, ತಿನ್ನುವವರು ಊರು ತುಂಬ. ಆದ್ದರಿಂದ ಬಾಡೂಟದಲ್ಲಿ ಯಾರ ಎಲೆಗೆ ನಲ್ಲಿ ಮೂಳೆ ಬಿತ್ತು ಎಂಬುದರಿಂದಲೇ ಯಾರು ಏನು ಎಂದು ಗೊತ್ತಾಗಿಬಿಡುತ್ತದೆ. ನಮ್ಮ ಸಮಾಜಶಾಸ್ತ್ರದವರು ದಪ್ಪ ದಪ್ಪ ಪುಸ್ತಕ ಬರೆಯುವುದು ಇದನ್ನೇ. ನನ್ನ ಎಲೆಗೆ ಮೊದಲ ಸುತ್ತಿನಲ್ಲೇ ಒಂದು ಬಿದ್ದಿತ್ತು.

ಬಡಿಸುತ್ತಿದ್ದವಳು ಪವಿತ್ರ, ಮಳವಳ್ಳಿಯಲ್ಲಿ ಬಿ.ಕಾಂ. ಓದುವ ಹುಡುಗಿ. ಬಕೆಟ್ಟಿನಲ್ಲಿ ಉಳಿದಿದ್ದ ಕೊನೆಯ ನಲ್ಲಿ ಮೂಳೆಯನ್ನು ಸೌಟಿನಲ್ಲಿ ಎತ್ತಿಕೊಂಡು ನಡುವಿನವರನ್ನೆಲ್ಲ ದಾಟಿ ನೆಟ್ಟಗೆ ತುದಿಗೆ ನಡೆದಳು. ಅಭಿಯ ಕಣ್ಣು ಸೌಟಿನ ಮೇಲೆಯೇ ಇತ್ತು.

"ಏಯ್ ಪವಿತ್ರಾ, ಅದ್ಯಾಕಮ್ಮಿ ಅತ್ಲಾಗೆ ಓಯ್ತದೆ? ಇತ್ಲಾಗಿಕ್ಕು."

"ಇಕ್ಕಕಿಲ್ಲ. ಇದು ಮಾದೇಶಂಗೆ."

ಮಾದೇಶ ತುದಿಯ ಎಲೆಯ ಮುಂದೆ ಕೂತಿದ್ದ ಹುಡುಗ, ಅವಳ ತರಗತಿಯವನೇ. "ತುದೀಲ್ ಕೂತವ್ನಿಗೆ ನಲ್ಲಿ ಮೂಳೆ ಯಾವತ್ತಮ್ಮಿ ಇಕ್ಕವ್ರೆ?" ಎಂದು ಅಭಿ ಎದ್ದು ಸೌಟಿಗೆ ಕೈ ಹಾಕಿದ. "ಕೈ ಬುಡ್ಲಾ," ಎಂದು ಮಾದೇಶನೂ ಎದ್ದ. ಯಾರೋ ಯಾರನ್ನೋ ತಳ್ಳಿದರು. ಒಂದು ಮುದ್ದೆ ಗಾಳಿಯಲ್ಲಿ ಹಾರಿ ನನ್ನ ಫೋನಿನ ಮೇಲೆ ಬಿತ್ತು. ಅಂಗಿ ಹಿಡಿದು ಎಳೆದಾಟ, ಮಜ್ಜಿಗೆಯ ದೊಡ್ಡ ಕೊಳದಪ್ಪಲೆ ಉರುಳಿ ನೆಲವೆಲ್ಲ ಹೊಳೆ. ಹಿಂಸೆಯ ಕುರಿತು ದಿಂಡುಗಟ್ಟಲೆ ಬರೆದಿದ್ದ ನಾನು ಆ ಹೊತ್ತಿನಲ್ಲಿ ಮಾಡಿದ್ದು ಒಂದೇ ಕೆಲಸ, ಎರಡೂ ಕೈಯಿಂದ ನನ್ನ ಎಲೆಯನ್ನು ಮುಚ್ಚಿಕೊಂಡು ಕೂತದ್ದು.

ಸಿದ್ದರಾಜು ನುಗ್ಗಿ ಬಂದ. "ತಗೀರ್ಲಾ ಕೈಯ! ದೊಡ್ಡೋರ್ ಕೂತವ್ರೆ, ನಾಚ್ಕೆ ಆಗಕಿಲ್ವಾ? ನಿಂಗೂ ಬ್ಯಾಡ, ಅವ್ನಿಗೂ ಬ್ಯಾಡ." ಸೌಟು ಕಿತ್ತುಕೊಂಡು ನೆಟ್ಟಗೆ ನನ್ನ ಹತ್ತಿರ ಬಂದು, "ತಕ್ಕಳಿ ಭಾವ, ನ್ಯಾಯ ಮುಗೀತು" ಎಂದು ಮೂಳೆಯನ್ನು ನನ್ನ ಎಲೆಗೆ ಇಳಿಸಿದ. "ಸರಿ ಕಣಣ್ಣ, ದೊಡ್ಡೋರ್ಗೇ ಸೇರ್ಲಿ," ಎಂದು ನಡುವಿನವರೆಲ್ಲ ಒಪ್ಪಿದರು. ನಾನು "ಅಯ್ಯೋ, ನನಗ್ಯಾಕಪ್ಪಾ, ಬೇಡ ಬೇಡ" ಎನ್ನುತ್ತಲೇ ಅದನ್ನು ಅನ್ನದ ಪಕ್ಕಕ್ಕೆ ಸರಿಸಿಕೊಂಡೆ. ಸುಳ್ಳು ಹೇಳಬಾರದು, ಬಂಡೂರು ಕುರಿಯ ಮೂಳೆ, ಕಣ್ಣು ಮುಚ್ಚಿಕೊಂಡೇ ಹೀರಿದೆ. ಕಣ್ಣು ಬಿಟ್ಟಾಗ ಪವಿತ್ರ ಖಾಲಿ ಬಕೆಟ್ಟು ಹಿಡಿದು ನನ್ನನ್ನೇ ನೋಡುತ್ತಿದ್ದಳು. ತುದಿಯಲ್ಲಿ ಮಾದೇಶ ಅರ್ಧ ಊಟಕ್ಕೇ ಎಲೆ ಮಡಿಸಿದ್ದ.

ಹುಡುಗಿಯರ ಪಂಕ್ತಿ ಆಮೇಲೆ ಕೂತಿತು. ಅವರ ಪಾಲಿಗೆ ಉಳಿದದ್ದು ಮುದ್ದೆ ಮತ್ತು ತುಂಡಿಲ್ಲದ ಬರೀ ಎಸರು. ಅದು ಮುಗಿದ ಮೇಲೆ ನಾನು ಫೋನನ್ನು ಒರೆಸಿಕೊಂಡು ಅವರೆದುರು ಕೂತು, "ನಿಮ್ಮ ಜೀವನಾನುಭವದಲ್ಲಿ ಅಸಮಾನತೆಯನ್ನು ಯಾವ ಸಂದರ್ಭಗಳಲ್ಲಿ ಎದುರಿಸಿದ್ದೀರಿ?" ಎಂದು ಕೇಳಿದೆ. ಮತ್ತೆ ಎಲ್ಲರೂ ಕಾಲ್ಬೆರಳು ನೋಡಿದರು. ಕುರಿಯೂ ಹೋಯಿತು, ಡಾಕ್ಟರೇಟೂ ಹೋಯಿತು. ಒಳಗಿನಿಂದ ಭಾಗ್ಯಳ ದನಿ ಬಂತು. "ಏಳ್ಬುಡೇ ಅಮ್ಮಿ. ಅವ್ರೇನ್ ಕಚ್ಚಕಿಲ್ಲ."

ಪವಿತ್ರ ತಲೆ ಎತ್ತಿದಳು. "ತುದೀಲಿ ಕೂತವ್ರಿಗೆ ಯಾವಾಗ್ಲೂ ಬರೀ ಎಸ್ರು ಸಾ. ಆಮೇಲ್ ಕೂತ್ಕಳ ನಮ್ಗೂ ಬರೀ ಎಸ್ರು. ಬಡ್ಸೋರು ನಾವೇ, ಆದ್ರೆ ಯಾರ್ಗೇನ್ ಇಕ್ಕಬೇಕು ಅನ್ನದು ನಮ್ ಕೈಲಿಲ್ಲ. ಇವತ್ತೊಂದಿನ ನನ್ಗೆ ಸರಿ ಕಂಡಂಗೆ ಒಂದ್ ಮೂಳೆ ಇಕ್ಕಕ್ಕೋದೆ. ಒಡ್ದಾಡುದ್ರು. ನ್ಯಾಯ ಮಾಡುದ್ರು. ಮೂಳೆ ನೀವ್ ತಿಂದ್ರಿ. ಬರ್ಕಳಿ."

ಬರೆದುಕೊಂಡೆ. ಅಲ್ಲಿಂದ ಉಳಿದವರೂ ಬಾಯಿ ಬಿಟ್ಟರು. ಕಾಲೇಜು ಬಿಡಿಸಿದ್ದು, ಬಸ್ಸಿನಲ್ಲಿ ಚುಡಾಯಿಸಿದವನನ್ನು ಬಿಟ್ಟು ತಮ್ಮ ಫೋನನ್ನೇ ಕಿತ್ತುಕೊಂಡದ್ದು, ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರದು. ವರ್ಷಗಟ್ಟಲೆ ನಾನು ಹುಡುಕಿದ್ದೆಲ್ಲ ಒಂದು ಮಧ್ಯಾಹ್ನದಲ್ಲಿ ಸಿಕ್ಕಿತು.

ಅಧ್ಯಾಯ ಬರೆಯುವಾಗ ಮಾತ್ರ ಒಂದು ಸಣ್ಣ ಭಾಷಾ ಪರಿಷ್ಕರಣೆ ಮಾಡಿದೆ. 'ಮೂಳೆ ನೀವ್ ತಿಂದ್ರಿ' ಎಂಬಲ್ಲಿ 'ಮೂಳೆಯನ್ನು ಪಂಕ್ತಿಯ ತಲೆಯಲ್ಲಿದ್ದ ಹಿರಿಯ ಅತಿಥಿಯೊಬ್ಬರು ಸೇವಿಸಿದರು' ಎಂದು ಹಾಕಿದೆ. ಸಂಶೋಧಕ ತನ್ನನ್ನು ತಾನು ಮುಂದೆ ಮಾಡಿಕೊಳ್ಳಬಾರದು ಎಂದು ನಿಯಮವಿದೆಯಲ್ಲ.

ಶನಿವಾರ ಮಾರ್ಗದರ್ಶಕಿ ಅದನ್ನು ಓದಿ, ವಡೆಯ ಪೊಟ್ಟಣವನ್ನೂ ಮುಟ್ಟದೆ, "ಸರ್, ಇಷ್ಟು ವರ್ಷದಲ್ಲಿ ನೀವು ಕಣ್ಣಾರೆ ಕಂಡು ಬರೆದದ್ದು ಇದೊಂದೇ" ಅಂದರು. ನಾನು ಉಬ್ಬಿದೆ. "ಆದರೆ ಆ ಹಿರಿಯ ಅತಿಥಿಯನ್ನು ಯಾಕೆ ಮಾತಾಡಿಸಲಿಲ್ಲ? ಅವರು ಒಂದು ಮಾತು ಹೇಳಿದ್ದರೆ ಮೂಳೆ ತುದಿಗೆ ಹೋಗುತ್ತಿತ್ತು. ಯಾಕೆ ಹೇಳಲಿಲ್ಲ? ನಿಮ್ಮ ಇಡೀ ಪ್ರಬಂಧದ ಪ್ರಶ್ನೆಯೇ ಅದು. ಅವರ ಸಂದರ್ಶನ ಸೇರಿಸಿ ತನ್ನಿ, ಅಲ್ಲೇ ಸಹಿ ಹಾಕ್ತೀನಿ."

"ಅವರು ಸಿಗೋದು ಸ್ವಲ್ಪ ಕಷ್ಟ ಮೇಡಂ," ಅಂದೆ.

"ಎಲ್ಲಿಗೆ ಹೋಗ್ತಾರೆ ಸರ್? ಹುಡುಕಿ."

ಮರುದಿನ ಭಾನುವಾರ ಭಾಗ್ಯಳಿಗೆ ಇದನ್ನು ಹೇಳಿದೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಬಾಡು ಬೇಯುತ್ತಿದ್ದ ಕುಕ್ಕರಿನ ಉರಿ ಸಣ್ಣ ಮಾಡಿ ಬಂದು, ನನ್ನ ಫೋನನ್ನೇ ರೆಕಾರ್ಡಿಗೆ ಹಾಕಿ ಎದುರು ಕೂತಳು. "ಏಳಿ. ಆ ಮೂಳೆ ಯಾರ್ಗೆ ಓಗ್ಬೇಕಿತ್ತು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಬ್ಯಾಡ ಅನ್ನಕಾಗ್ತಿರ್ಲಿಲ್ವಾ?"

"ಅಂದೆನಲ್ಲೇ."

"ಯಾರ್ಗೆ ಕೇಳುಸ್ತು?"

ಉತ್ತರವಿಲ್ಲದಾಗ ಪ್ರಶ್ನೆ ಕೇಳುವುದು ಮೇಷ್ಟರ ಹಳೆಯ ಉಪಾಯ. "ಅದಿರಲಿ, ನೀನು ಯಾವತ್ತಾದರೂ ನಲ್ಲಿ ಮೂಳೆ ತಿಂದಿದ್ದೀಯಾ?" ಎಂದೆ. ಕೇಳಿದ ಮೇಲೆ ಹೊಳೆಯಿತು, ಇಷ್ಟು ವರ್ಷದ ಸಂಸಾರದಲ್ಲಿ ಇದನ್ನು ಕೇಳಿರಲೇ ಇಲ್ಲ.

"ನಮ್ಮಪ್ಪನ ಮನೇಲಿ ಅಪ್ಪಯ್ಯನ ಎಲೆಗೆ, ಆಮೇಲೆ ಸಿದ್ದನ ಎಲೆಗೆ. ಇಲ್ಲಿಗೆ ಬಂದ್ಮೇಲೆ ನಿಮ್ ತಟ್ಟೆಗೆ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಜಗಳವಾಡಿ ಗೆಲ್ಲಬಹುದಿತ್ತು.

ಅಷ್ಟರಲ್ಲಿ ಕುಕ್ಕರು ಕೂಗಿತು. ಅವತ್ತು ನಾನೇ ಸೌಟು ಹಿಡಿದೆ. ಅವಳನ್ನು ಮೊದಲು ಕೂರಿಸಿ, ಪಾತ್ರೆಯಲ್ಲಿ ಹುಡುಕಿ ಹುಡುಕಿ, ಇದ್ದ ಒಂದೇ ಒಂದು ನಲ್ಲಿ ಮೂಳೆಯನ್ನು ಎತ್ತಿ ಅವಳ ತಟ್ಟೆಗೆ ಹಾಕಿದೆ. ಅಸಮಾನತೆಯನ್ನೇ ನಿರ್ಮೂಲ ಮಾಡಿದವನ ಹಾಗೆ ನನ್ನ ಎದೆ ಉಬ್ಬಿತು. ಅವಳು ಮೂಳೆಯನ್ನು ತಟ್ಟೆಯ ಅಂಚಿಗೆ ತಟ್ಟಿ, ಕಣ್ಣು ಮುಚ್ಚಿ ಬಾಯಿಗಿಟ್ಟಳು. ನಾನು ನೋಡುತ್ತಾ ನಿಂತಿದ್ದೆ. ನಿಂತಿದ್ದವನು ಸುಮ್ಮನಿರಬಾರದೇ?

"ಪೂರ್ತಿ ಖಾಲಿ ಮಾಡಬೇಡ ಕಣೇ, ಅರ್ಧ ನನಗೂ ಇರಲಿ," ಅಂದೆ.

ಅವಳು ಕಣ್ಣು ಬಿಡದೆ, ಇನ್ನೂ ಓಡುತ್ತಿದ್ದ ಫೋನನ್ನು ಎಡಗೈಯಿಂದ ನನ್ನತ್ತ ತಳ್ಳಿದಳು.

"ಅದುನ್ನೂ ಬರ್ಕಳಿ."