ಭಾವನ ಹರಿವಿನ ಪಾಠ

ನಮ್ಮ ಭಾವನಿಗೆ ಒಂದು ಲೋಟ ನೀರು ಕೊಟ್ಟು ನೋಡಿ. ಅವರು ಕುಡಿಯುವುದಿಲ್ಲ. ಆ ನೀರು ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಜೀವಕೋಶಕ್ಕೆ ಸೇರುವ ಬಗೆಯನ್ನು ವಿವರಿಸಿ ಮುಗಿಸುವಷ್ಟರಲ್ಲಿ ನಿಮಗೇ ಬಾಯಾರಿ, ಲೋಟ ಖಾಲಿ ಮಾಡಿರುತ್ತೀರಿ!

ಹೌಜ್ ಖಾಸ್ ಬಳಿಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮಕ್ಕಳಿಗೆ ಅವರು ಕಲಿಸುವುದೇ ಇದನ್ನು. ದೇಹದೊಳಗೆ ನೀರು, ಉಪ್ಪು, ಶಾಖ, ಆಮ್ಲಜನಕ ಎಲ್ಲಿಂದ ಎಲ್ಲಿಗೆ, ಎಷ್ಟು ವೇಗವಾಗಿ ಸಾಗುತ್ತವೆ ಎಂಬುದು ಅವರ ವಿಷಯ. ಅಲ್ಲಿ ಮಿಕ್ಕಿದ ಪಾಠವೆಲ್ಲ ನಮ್ಮ ತಲೆಗೆ. ಬಾಡಿದ ಪಾಲಕ್ ಮೇಲೆ ನೀರು ಚಿಮುಕಿಸುತ್ತಿದ್ದ ತರಕಾರಿ ಭಯ್ಯಾನಿಗೂ ಎಲೆಯ ರಂಧ್ರಗಳ ಬಗ್ಗೆ ಅರ್ಧ ಗಂಟೆ ಹೇಳಿದರು. ಪಾಪ, ಅವನು ಎರಡು ಕಟ್ಟು ಪುಕ್ಕಟೆ ಕೊಟ್ಟು ಗಾಡಿ ತಳ್ಳಿಕೊಂಡು ಪಾರಾದ.

ಯುಗಾದಿಯ ದಿನ ಕೋಸಂಬರಿಗೆ ಉಪ್ಪು ಹಾಕಿ, ಸೌತೆಕಾಯಿ ನೀರು ಬಿಡುವುದನ್ನು ಗಡಿಯಾರ ಹಿಡಿದು ನೋಡುತ್ತ ಕುಳಿತರು. ಅತಿಥಿಗಳೆಲ್ಲ ಎಲೆಯ ಮುಂದೆ.

"ರೀ, ಬಡಿಸ್ಲಾ?" ಎಂದಳು ಅಕ್ಕ.

"ತಡಿಯೇ, ಇನ್ನೂ ಹೊರಗೆ ಬರ್ತಿದೆ."

"ನಮ್ಮ ಹೊಟ್ಟೆ ಒಳಗೆ ಹೋಗೋದು ಯಾವಾಗ?"

ಇಂಥ ಅಕ್ಕನ ಮೂತ್ರಪಿಂಡಗಳು ಹೋದ ಚಳಿಗಾಲದಲ್ಲಿ ಕೈಕೊಟ್ಟವು. ತಡಮಾಡದೆ ಡಯಾಲಿಸಿಸ್ ಶುರು ಮಾಡದಿದ್ದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ಅಕ್ಕ ಸುತರಾಂ ಒಪ್ಪಲಿಲ್ಲ. ರಕ್ತ ಮೈಯಿಂದ ಹೊರಗೆ ಹೋಗಿ ಮೆಷಿನ್ ಸುತ್ತಿ ಬರುತ್ತದೆಂಬ ಯೋಚನೆಗೇ ಅವಳಿಗೆ ನಡುಕ. ಸುದ್ದಿ ಕೇಳಿ ನಾನು ಇಂದಿರಾಪುರಂನ ನನ್ನ ಮನೆಯಿಂದ ಓಡಿಬಂದೆ.

ಭಾವ ಸುಮ್ಮನಿರುತ್ತಾರೆಯೇ? ಇದು ಅವರದೇ ಅಧ್ಯಾಯ! ಬಿಸಿನೀರಿಗೆ ಟೀ ಬ್ಯಾಗ್ ಇಳಿಬಿಟ್ಟು, ಬಣ್ಣ ಹೊರಬಂದರೂ ಪುಡಿ ಒಳಗೇ ಉಳಿಯುವುದನ್ನು ತೋರಿಸಿದರು. ತೆಳು ಪೊರೆಯ ಈಚೆ ರಕ್ತ, ಆಚೆ ಶುದ್ಧ ದ್ರವ, ಎರಡೂ ಎದುರುಬದುರು ಹರಿಯುತ್ತವೆ ಎಂದು ಚಿತ್ರ ಬರೆದರು. ಮೂರು ದಿನ ಇದೇ ಪಾಠ.

"ಅಚ್ಛಾ, ಪರೀಕ್ಷೆ ಕೊಟ್ರೆ ಪಾಸಾಗ್ತೀನಿ," ಎಂದಳು ಅಕ್ಕ. "ಆಸ್ಪತ್ರೆಗೆ ಮಾತ್ರ ಬರಲ್ಲ."

ನಾಲ್ಕನೆಯ ದಿನ ಬೆಳಿಗ್ಗೆ ಭಾವ ಮತ್ತೆ ಹಾಳೆ ತೆಗೆದು ಎರಡು ಗೆರೆ ಎಳೆದರು. ಪೆನ್ನು ಅಲ್ಲೇ ನಿಂತಿತು.

"ಮುಂದೆ?" ಎಂದಳು ಅಕ್ಕ.

"ಮುಂದೆ ನಂಗೊತ್ತಿಲ್ಲ ಕಣೇ. ನೀನಿಲ್ಲದೆ ನನ್ನ ಕೈಲಾಗಲ್ಲ."

ಅವರ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಅಳು ಬಂತು. ಅಕ್ಕ ಅವರ ಕೈಯಿಂದ ಪೆನ್ನು ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ ಶಾಲು ಹೊದ್ದು ಎದ್ದಳು.

"ಚಲೋ, ಚಪ್ಪಲಿ ಹಾಕ್ಕೊಳ್ಳಿ."

 ಆಟೋದಲ್ಲಿ ಭಾವನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ರಕ್ತ ಯಾವ ಕಡೆಯಿಂದ ಹೋಗಿ ಯಾವ ಕಡೆಯಿಂದ ಬರುತ್ತದೆಂದು ಆಸ್ಪತ್ರೆ ತಲುಪುವವರೆಗೂ ಅಕ್ಕನೇ ಅವರಿಗೆ ಹೇಳಿದಳು.