ಕಲ್ಲು ಓದುವ ಸೊಸೆ

ನಲವತ್ತು ದಾಟಿದ ಹೆಣ್ಣುಮಗಳು ಕೈಯಲ್ಲಿ ಸುತ್ತಿಗೆ ಹಿಡಿದು ರಸ್ತೆಗಿಳಿದರೆ ಜನ ಸುಮ್ಮನಿರಬೇಕು ಅಂತ ಬಯಸುವುದೇ ತಪ್ಪು. ಹೀಗಾಗಿ ನನಗೆ ಇಂಥವು ಆಗುತ್ತಲೇ ಇರುತ್ತವೆ.

ಬಿ.ಎಸ್ಸಿ. ಅರ್ಧದಲ್ಲಿದ್ದಾಗ ಮದುವೆಯಾಗಿ ಸವಣೂರಿಗೆ ಬಂದೆ, ಓದು ಅಲ್ಲಿಗೇ ನಿಂತಿತು. ಮಗಳು ಕಾಲೇಜು ಸೇರಿದ ಮೇಲೆ ದೂರಶಿಕ್ಷಣದಲ್ಲಿ ಭೂವಿಜ್ಞಾನಕ್ಕೆ ಹೆಸರು ಹಚ್ಚಿದೆ. ಅದೇ ವಿಷಯ ಯಾಕೆ ಅಂತ ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟಿದ್ದೇನೆ. ಖರೆ ಹೇಳಬೇಕೆಂದರೆ ಆಸೆ, ಅಷ್ಟೇ. ಮನೆ, ಶಾಲೆಯ ಆಫೀಸಿನ ಕೆಲಸ ಅಂತ ಎಳೆದು ಎಳೆದು ಕೋರ್ಸು ಕೊನೆಯ ಅವಕಾಶಕ್ಕೆ ಬಂದು ನಿಂತಿತ್ತು. ಈ ಸಲ ಪಾಸಾಗದಿದ್ದರೆ ಹೆಸರೇ ಹೊಡೆದುಹಾಕುತ್ತಾರೆ.

ಮಾಳಿಗೆಯ ಮೇಲೆ

ಮೊದಮೊದಲು ತಂದ ಕಲ್ಲುಗಳನ್ನು ತೊಳೆಯದೆ ಒಳಗೆ ತರಕೂಡದು ಅಂತ ನಮ್ಮ ಅತ್ತೆಯವರ ಅಪ್ಪಣೆಯಾಯಿತು. ಮಡಿ ಹೆಂಗಸು, ಅವರ ಮಾತು ಮೀರುವುದುಂಟೇ? ತೊಳೆದು, ಮಾಳಿಗೆಯ ಮೇಲೆ ಹಳೇ ಧೋತರ ಹಾಸಿ, ಸಂಡಿಗೆ ಹಚ್ಚಿದ ಹಾಗೆ ಸಾಲಾಗಿ ಬಿಸಿಲಿಗೆ ಇಟ್ಟೆ. ಪಕ್ಕದ ಮನೆಯಾಕೆ ತಮ್ಮ ಮಾಳಿಗೆಯಿಂದ ಬಹಳ ಹೊತ್ತು ನೋಡಿದರು.

"ಏನ್ರಿ ಅವು?"

"ಕಲ್ಲುರಿ. ಒಣಗ್ಲಿಕ್ಕೆ ಇಟ್ಟೀನಿ."

"ಕಲ್ಲು ಒಣಗಿದ್ರ ಏನಾಗ್ತೇತ್ರಿ?"

ಕೆಳಗಿನಿಂದ ಅತ್ತೆಯವರ ದನಿ ಬಂತು. "ಡಿಗ್ರಿ ಆಗ್ತದಂತ."

ಹಿರೇಕೆರೂರಿನ ಬಸ್ಸು

ಒಮ್ಮೆ ಹಿರೇಕೆರೂರಿನ ಕಡೆ ಹೋಗಿ ಒಳ್ಳೊಳ್ಳೆಯ ಕಲ್ಲು ಆರಿಸಿಕೊಂಡು ಹಾನಗಲ್ಲಿನ ಬಸ್ಸು ಹತ್ತಿದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಪಾಪ, ಚೀಲ ಎತ್ತಿಕೊಟ್ಟು ಸೊಂಟ ಹಿಡಿದುಕೊಂಡು ಕೂತರು.

"ಏನೈತ್ರಿ ಅವ್ವಾರ, ಇಷ್ಟು ಜಡ?"

"ಕಲ್ಲುರಿ."

ಅವರು ನಂಬಲಿಲ್ಲ. ಚೀಲ ಬಿಚ್ಚಿ ತೋರಿಸಿದೆ.

"ಮಾರಾಕೇನ್ರಿ?"

"ಇಲ್ರಿ, ನೋಡ್ಲಿಕ್ಕೆ."

"ನಿಮ್ಮೂರಾಗ ಕಲ್ಲಿಲ್ಲೇನ್ರಿ?"

"ಅದಾವ್ರಿ, ಇಂಥಾವಿಲ್ಲ."

ಅವರು ಮೆಲ್ಲಗೆ ಕಿಟಕಿಯ ಕಡೆ ಸರಿದು ಕೂತರು. ಹಾನಗಲ್ಲಿನಲ್ಲಿ ಇಳಿಯುವಾಗ ಹತ್ತಿರ ಬಗ್ಗಿ, ಬಹಳ ಮಮತೆಯಿಂದ ಕೇಳಿದರು. "ಕರ್ಕೊಂಡು ಹೋಗಾಕ ಮನಿಯವ್ರು ಯಾರರ ಬರ್ತಾರಿಲ್ಲ, ಅವ್ವಾ?"

ಅತ್ತೆಯವರ ಹಾಜರಿ

ದೂರಶಿಕ್ಷಣ ಅಂದರೂ ಆಗಾಗ ಹುಬ್ಬಳ್ಳಿಗೆ ಹೋಗಿ ತರಗತಿಯಲ್ಲಿ ಕೂಡಬೇಕು. "ಒಬ್ಬಾಕಿನ್ನ ಹೆಂಗ ಕಳಸೂದು" ಅಂತ ಅತ್ತೆಯವರೂ ಹೊರಟರು. ಹಿಂದಿನ ಬೆಂಚಿನಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಹಾಜರಿ ಹಾಳೆ ಕೈಗೆ ಬಂದಾಗ ತಾವೂ ಸಹಿ ಮಾಡಿ ಮುಂದೆ ಸಾಗಿಸುತ್ತಿದ್ದರು. ಅಷ್ಟು ಮಂದಿ ಮಾಡಿರುವಾಗ ತಾವೊಬ್ಬರು ಬಿಟ್ಟರೆ ಚಂದ ಕಾಣುವುದಿಲ್ಲ ಅಂತ ಅವರ ಭಾವನೆ.

ನನಗೆ ಶಾಲೆಯಲ್ಲಿ ರಜೆ ಸಿಗದ ದಿನಗಳಲ್ಲಿ "ನೀ ಇರು, ನಾ ಕೇಳಿ ಬಂದು ಹೇಳ್ತೀನಿ" ಅಂತ ತಾವೇ ಬಸ್ಸು ಹತ್ತಿದರು. ಹೇಳಿದರು ಕೂಡ. "ಭೂಮಿ ಒಳಗ ಕುದೀಲಿಕ್ಕೆ ಹತ್ತೇದಂತ. ಮ್ಯಾಲ ತೆಳ್ಳಗ ಕೆನಿ ಕಟ್ಟೇದಂತ. ಆ ಕೆನಿ ಮ್ಯಾಲ ನಾವೆಲ್ಲಾ ಮನಿ ಕಟ್ಕೊಂಡು ಕೂತೇವಂತ. ಇಷ್ಟಕ್ಕ ನಾಕು ತಾಸು ತೊಗೊಂಡ್ರು."

ಪುಸ್ತಕದ ಇಡೀ ಒಂದು ಅಧ್ಯಾಯ ಅದರಲ್ಲಿ ಮುಗಿದಿತ್ತು.

ವರ್ಷದ ಕೊನೆಗೆ ಕೇಂದ್ರದ ಮುಖ್ಯಸ್ಥರು ನನ್ನನ್ನು ಕರೆಸಿದರು. ನನ್ನ ಹಾಜರಿ ಸಾಲದಂತೆ. ನಾನು ಕೈಮುಗಿದು ನನ್ನ ಕಷ್ಟ ಹೇಳಿಕೊಂಡೆ. ಅವರು ಹಾಳೆಗಳನ್ನು ಮತ್ತೆ ತಿರುವಿ ನೋಡಿ, "ಆತು, ಈ ಸಲ ಪರೀಕ್ಷಾಕ್ಕ ಕೂಡಿಸ್ತೇವಿ" ಅಂದರು. ಆಮೇಲೆ ಕನ್ನಡಕ ತೆಗೆದು, "ನಿಮ್ಮ ಅತ್ತಿಯವರದು ಒಂದ ದಿನಾನೂ ತಪ್ಪಿಲ್ಲ ನೋಡ್ರಿ. ಫೀ ಕಟ್ಟಿದ್ರ ಅವರು ನಿಮಗಿಂತ ಮೊದಲ ಪಾಸಾಗ್ತಾರ" ಅಂದರು.

ಮೂರನೇ ನಂಬರ್

ಕೊನೆಗೆ ಉಳಿದದ್ದು ಕ್ಷೇತ್ರಕಾರ್ಯ. ಬಂಡೆ ಎಲ್ಲೆಲ್ಲಿ ನೆಲದಿಂದ ತಲೆ ಎತ್ತಿದೆಯೋ ಅಲ್ಲಿ ಬಿಳಿ ಬಣ್ಣ ಬಳಿದು ನಂಬರ್ ಬರೆಯಬೇಕು, ಅದನ್ನೇ ನಕ್ಷೆಯಲ್ಲಿ ಗುರುತಿಸಬೇಕು. ಆಮೇಲೆ ಪರೀಕ್ಷಕರು ಸ್ಥಳಕ್ಕೇ ಬಂದು ನೋಡಿ ಅಂಕ ಹಾಕುತ್ತಾರೆ. ನನ್ನ ಪದವಿಯೆಲ್ಲ ಈ ಅಂಕದ ಮೇಲೆ ನಿಂತಿತ್ತು.

ನಾನು ಆರಿಸಿಕೊಂಡದ್ದು ದುಂಡಸಿಯ ಕಡೆಯ ರಸ್ತೆ. ಮೂರನೇ ನಂಬರ್ ಬಿದ್ದದ್ದು ಒಂದು ಚಹಾದಂಗಡಿಯ ಪಕ್ಕದ ಹಸಿರು ಪದರುಗಲ್ಲಿನ ಮೇಲೆ. ಬಣ್ಣ ಒಣಗುವುದರೊಳಗೆ ಅಂಗಡಿಯವನು ಬಂದ.

"ಮೇಡಂರ, ನಮ್ಮ ಅಂಗಡಿ ಎಷ್ಟು ಅಡಿ ಹೋಗ್ತೇತ್ರಿ?"

"ಎಲ್ಲಿಗೂ ಹೋಗೂದಿಲ್ರಿ. ನಾ ಓದ್ಲಿಕ್ಕೆ ಹತ್ತೀನಿ, ಪರೀಕ್ಷಾದ ಸಲುವಾಗಿ ಬರದೀನಿ."

"ಈ ವಯಸ್ಸಿನ್ಯಾಗ್ರಿ?" ಅಂತ ನಕ್ಕ. "ಇರಲಿ ಬಿಡ್ರಿ, ರಸ್ತೆ ಅಗಲ ಮಾಡೋದು ಮೊದಲ ಹೇಳಬಾರ್ದು ಅಂತ ನಿಮಗ ಮ್ಯಾಲಿಂದ ಹೇಳಿರ್ತಾರ." ಚಹಾಕ್ಕೆ ದುಡ್ಡು ತೆಗೆದುಕೊಳ್ಳಲೇ ಇಲ್ಲ. ಅದು ಒಳ್ಳೆಯತನ ಅಂತ ನಾನು ತಿಳಿದೆ.

ಪರೀಕ್ಷಕರು ಬಂದ ದಿನ ಅತ್ತೆಯವರೂ ಜೊತೆಗಿದ್ದರು. ಒಂದು, ಎರಡು ಸರಿ ಹೋದವು. ಚಹಾದಂಗಡಿಯ ಹತ್ತಿರ ಬಂದರೆ ಬಂಡೆ ಇದ್ದಲ್ಲಿ ಚೀಲ ಒಟ್ಟಿದ್ದವು, ಮೂರನೇ ನಂಬರ್ ಇಲ್ಲ. ರಸ್ತೆಯಾಚೆ ಎದುರಿಗಿದ್ದ ಕಿರಾಣಿ ಅಂಗಡಿಯ ಬೇಲಿಕಂಬದ ಮೇಲೆ, ನನ್ನದಲ್ಲದ ಅಕ್ಷರದಲ್ಲಿ, ದೊಡ್ಡದಾಗಿ ಮೂರು ಅಂತ ಬರೆದಿತ್ತು. ಪರೀಕ್ಷಕರು ನಕ್ಷೆ ನೋಡಿದರು, ಕಂಬ ನೋಡಿದರು.

"ಇದು ಎಲ್ಲಿಂದಲೋ ಕಡದು ತಂದು ನಿಲ್ಲಿಸಿದ ಗ್ರಾನೈಟ್ ಕಂಬ. ಇದನ್ನ ಇಲ್ಲೇ ಹುಟ್ಟಿದ ಬಂಡೆ ಅಂತ ಬರದೀರೇನು?"

ಇಷ್ಟು ವರ್ಷದ ಓದು ಒಂದು ಬೇಲಿಕಂಬಕ್ಕೆ ಬಲಿಯಾಯಿತಲ್ಲ ಅಂತ ಅಳು ಬಂತು. "ನಂಬರ್ ನಿಮ್ಮ ಅಂಗಡಿ ಪಕ್ಕ ಇತ್ತಲ್ರಿ, ಖರೆ ಹೇಳ್ರಿ" ಅಂತ ಚಹಾದವನನ್ನು ಬೇಡಿಕೊಂಡೆ. ಅವನಿಗೆ ಪರೀಕ್ಷಕರು ರಸ್ತೆ ಇಲಾಖೆಯ ದೊಡ್ಡ ಸಾಹೇಬರಾಗಿ ಕಂಡಿದ್ದರು. "ನಾ ಯಾವ ನಂಬರೂ ನೋಡಿಲ್ರಿ" ಅಂದುಬಿಟ್ಟ.

ಆಗ ಅತ್ತೆಯವರು ಯಾರಿಗೂ ಅಲ್ಲ ಎಂಬಂತೆ ಹೇಳಿದರು. "ಹೋಗ್ಲಿ ಬಿಡು. ರಸ್ತೆ ಅಗಲ ಆದ್ರ ಪರಿಹಾರದ ರೊಕ್ಕ ಕಿರಾಣಿಯವಗ ಬರ್ತದ. ನಂಬರ್ ಇದ್ದವಗಷ್ಟ ಕೊಡೋದಲ್ಲೇನು?"

ಕಿರಾಣಿಯವನು ಓಡಿ ಬಂದು ಕಂಬ ತಬ್ಬಿಕೊಂಡ. "ನಂದ್ರಿ ಸಾಹೇಬ್ರ, ಈ ನಂಬರ್ ನಂದ."

"ಅದನ್ನ ಬರದವ ನಾನೋ!" ಅಂತ ಚಹಾದವನು ಕಿರುಚಿದ. ತನ್ನ ಅಂಗಡಿಯ ಪಕ್ಕದ ಆ ಚೀಲಗಳನ್ನು ಎಳೆದು, ತಿಕ್ಕಿ ತೊಳೆದ ಬಂಡೆ ತೋರಿಸಿದ. "ಖರೇ ನಂಬರ್ ಇಲ್ಲಿತ್ರಿ. ನೋಡ್ರಿ, ಸಂದ್ಯಾಗ ಇನ್ನೂ ಬಣ್ಣ ಐತಿ."

ಪರೀಕ್ಷಕರು ಬಗ್ಗಿ ಭೂತಗನ್ನಡಿ ಹಿಡಿದು ನೋಡಿದರು. ಬಂಡೆಯ ಹೆಸರು, ಪದರು ಯಾವ ಕಡೆ ವಾಲಿದೆ, ಎಲ್ಲ ಕೇಳಿದರು. ನಾನು ಹೇಳಿದೆ. ಬೆಂಚಿನ ಮೇಲೆ ಕೂತು ಅಂಕದ ಹಾಳೆ ತೆಗೆದು, ಪೆನ್ನು ಬಿಚ್ಚಿದವರು ಯಾಕೋ ತಡೆದರು. ಅಂಗಡಿಯವರಿಬ್ಬರನ್ನೂ ದೂರ ಕಳಿಸಿ ನನ್ನನ್ನು ಹತ್ತಿರ ಕರೆದರು.

"ಇನ್ನೊಂದ ಪ್ರಶ್ನೆ ಉಳೀತು."

"ಕೇಳ್ರಿ ಸರ್."

ದನಿ ತಗ್ಗಿಸಿದರು. "ಖರೇ ಹೇಳ್ರಿ, ಈ ರಸ್ತೆ ಯಾವ ಕಡೆ ಅಗಲ ಆಗ್ತೇತಿ? ಮುಂದ ನಂದೊಂದು ಸೈಟ್ ಐತಿ."

ನಾನು ಪೆನ್ನು ನೋಡಿದೆ. ಅದಿನ್ನೂ ಹಾಳೆ ಮುಟ್ಟಿರಲಿಲ್ಲ.

"ನಿಮ್ಮ ಸೈಟ್ ಎಡಕ್ಕೋ ಬಲಕ್ಕೋ ಸರ್?"

"ಎಡಕ್ಕ."

"ಅಗಲ ಆಗೂದು ಬಲಕ್ಕರಿ ಸರ್" ಅಂದೆ. ಪೆನ್ನು ಹಾಳೆಗೆ ಹತ್ತಿತು, ನಾನು ಪದವೀಧರೆಯಾದೆ.