ನಮಸ್ಕಾರ ಮಾಡಿ ಒದೆಯಿರಿ

ಕರಾಟೆ ಕಲಿಸುವವಳೆಂದರೆ ಮೈಮೇಲೆ ಎಷ್ಟೋ ಪೆಟ್ಟಿನ ಗುರುತುಗಳಿರಬೇಕು ಎಂದು ಜನ ತಿಳಿದಿದ್ದಾರೆ. ನನಗೆ ಕಲಿಸುವಾಗ ಆದ ಗಾಯ ಒಂದೂ ಇಲ್ಲ. ಆದದ್ದೆಲ್ಲ ಎದೆ ಧಸಕ್ ಎಂದದ್ದು ಮಾತ್ರ, ಅದು ಇವತ್ತಿಗೂ ನಿಂತಿಲ್ಲ. ಯಾರಿಗೂ ಪೆಟ್ಟಾಗಬಾರದು ಎಂದು ನಾನು ಒಂದೊಂದು ನಿಯಮ ಮಾಡುತ್ತೇನೆ, ನಮ್ಮ ಜನ ಅದನ್ನು ಶ್ರದ್ಧೆಯಿಂದ ಪಾಲಿಸುತ್ತಾರೆ, ನಾನು ಬಾಯಿ ತೆರೆದುಕೊಂಡು ನಿಲ್ಲುತ್ತೇನೆ.

ವಾರದ ದಿನಗಳಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿ ಮಕ್ಕಳ ಕ್ಲಾಸು. ಭಾನುವಾರ ಖಾನಾಪುರದಲ್ಲಿ ಹೆಂಗಸರ ಕ್ಲಾಸು. ಖಾನಾಪುರದ ಹಾಲ್ ಒಬ್ಬ ಹಿರಿಯರದ್ದು. ಅಲ್ಲಿ ಅವರ ಮಾತೆಂದರೆ ಮಾತು. ಅವರ ಹಾಲ್ ಎಂಬ ಒಂದೇ ಕಾರಣಕ್ಕೆ ಎಷ್ಟೋ ಮನೆಯವರು ತಮ್ಮ ಹೆಣ್ಣುಮಕ್ಕಳನ್ನು ಕಳಿಸಲು ಒಪ್ಪಿದ್ದರು. ಹಾಲ್ ಕೊಡುವಾಗ ಅವರು ಹಾಕಿದ ಷರತ್ತು ಒಂದೇ.

“ಮೇಡಂ, ಒಬ್ಬರ ಕಣ್ಣಾಗ ಒಂದ ಹನಿ ನೀರ ಬಂದ್ರೂ ಅವತ್ತೇ ಕೀಲಿ ಹಾಕತೀನಿ. ಹಾಲ್ ಹೋತು, ಕ್ಲಾಸೂ ಹೋತು.”

ಅಂದಿನಿಂದ ಭಾನುವಾರ ಬಂತೆಂದರೆ ನನಗೆ ಎಲ್ಲರ ಕಾಲಿಗಿಂತ ಕಣ್ಣಿನ ಮೇಲೇ ಗಮನ.

ಕಾಲು ತಾಗಿದರೆ

ನನ್ನ ಕ್ಲಾಸಿನಲ್ಲಿ ಮೊದಲ ಪಾಠ ಒದೆಯುವುದಲ್ಲ, ಬಾಗುವುದು. ಎದುರಿಗೆ ನಿಂತವರು ವೈರಿಯಲ್ಲ, ನಾವು ಕಲಿಯಲಿ ಎಂದು ತಮ್ಮ ಮೈಯನ್ನೇ ನಂಬಿ ಕೊಟ್ಟವರು. ಅದಕ್ಕೇ ಮೊದಲೂ ಬಾಗಬೇಕು, ಮುಗಿದ ಮೇಲೂ ಬಾಗಬೇಕು.

ಟಿಳಕವಾಡಿಯ ಕ್ಲಾಸಿಗೆ ಶಿವಬಸವ ನಗರದಿಂದ ಒಬ್ಬ ಹುಡುಗಿ ಬರುತ್ತಾಳೆ. ಒಳ್ಳೆಯ ಸಂಸ್ಕಾರದ ಮಗು. ಮೊದಲ ದಿನ ಜೊತೆಯವಳಿಗೆ ಚೆನ್ನಾಗಿ ಒಂದು ಒದೆ ಕೊಟ್ಟಳು. ಕೊಟ್ಟವಳೇ, ಕಾಲು ತಾಗಿತಲ್ಲ ಎಂದು ಅವಳನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಬಾಗಿದಳು. ಅಷ್ಟರಲ್ಲಿ ಜೊತೆಯವಳ ಒದೆ ಹೊರಟಿತ್ತು. ಆ ಕಾಲು ಬಾಗಿದ ತಲೆಯ ಮೇಲಿಂದ ಜಡೆಗೆ ತಾಗಿ ಹೋಯಿತು. ನಾನು ಚೀರಿದ್ದಕ್ಕೆ ಎದುರಿನ ಅಂಗಡಿಯವರು ಹೊರಗೆ ಬಂದರು.

ಕೂಡಲೇ ಎಲ್ಲರನ್ನೂ ಕೂರಿಸಿ ಹೇಳಿದೆ. “ಇಲ್ಲಿ ಕಾಲ ತಾಗಿದ್ರ ನಮಸ್ಕಾರ ಬ್ಯಾಡ. ಕೈ ಮುಖದ ಮುಂದ ಇಟ್ಕೊಂಡ ನಿಲ್ಲಬೇಕು.”

ಮರುದಿನ ಆ ಹುಡುಗಿಯ ತಾಯಿ ಬಂದರು.

“ಅಕ್ಕಾರ, ನಿನ್ನಿ ರಾತ್ರಿ ನಮ್ಮ ಮಾವಾರು ಮಲಗಿದ್ರು. ಇಕಿ ದಾಟಿಕೊಂಡ ಹೋಗೂವಾಗ ಕಾಲ ತಾಗಿತು. ಅಜ್ಜಗ ನಮಸ್ಕಾರ ಮಾಡ ಅಂದ್ರ, ಅಕ್ಕಾರ ಬ್ಯಾಡ ಅಂದಾರ ಅಂತ ಮುಷ್ಟಿ ಹಿಡದ ನಿಂತಾಳ್ರಿ.”

ನನಗೆ ನಾಚಿಕೆಯಿಂದ ಭೂಮಿಗಿಳಿದುಹೋದಂತಾಯಿತು. “ಅಜ್ಜಾರ ಏನಂದ್ರು?”

“ಅನ್ನೂದೇನ್ರಿ, ಅವರು ಹಳೇ ಪೈಲವಾನ್ರು. ಎದ್ದು ಧೋತರ ಕಟ್ಟಿ ತಯಾರಾದ್ರು.”

ಮೂರು ಸೀಟಿ

ಹಲ್ಲಿನ ರಕ್ಷಣೆಗೆ ಬಾಯೊಳಗೆ ಇಟ್ಟುಕೊಳ್ಳುವ ಗಾರ್ಡ್ ಒಂದಿದೆ. ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದ ಕೂಡಲೇ ಕಚ್ಚಿದರೆ ನಮ್ಮ ಹಲ್ಲಿನ ಅಚ್ಚಿಗೆ ಕೂರುತ್ತದೆ. ಇದಿಲ್ಲದೆ ಯಾರೂ ಎದುರುಬದುರು ನಿಲ್ಲುವಂತಿಲ್ಲ. ಎಲ್ಲರಿಗೂ ಕೊಟ್ಟು, ಮನೆಯಲ್ಲಿ ಬಿಸಿನೀರಿನಲ್ಲಿ ಹಾಕಿಸಿಕೊಂಡು ಬನ್ನಿ ಎಂದಿದ್ದೆ.

ಒಬ್ಬ ಹುಡುಗ ಮಾತ್ರ ಅಂಗೈಯಲ್ಲಿ ಏನೋ ಒಂದು ಗುಂಡಗಿನ ಮುದ್ದೆ ಹಿಡಿದುಕೊಂಡು ಬಂದ. ಹಳದಿ ಬಣ್ಣ. ಮೇಲೆ ಒಂದು ಸಾಸಿವೆ ಕಾಳು. ನಾನು ಅವನ ತಾಯಿಗೆ ಫೋನ್ ಮಾಡಿದೆ.

“ನೀವ ಬಿಸಿನೀರಾಗ ಹಾಕ್ರಿ ಅಂದಿದ್ರಿ, ಅಕ್ಕಾರ. ಅದಕ್ಕ ಬ್ಯಾರೆ ಗ್ಯಾಸ್ ಯಾಕ ಸುಡೂದು ಅಂತ ಬ್ಯಾಳಿ ಜೋಡಿನ ಕುಕ್ಕರಿನ್ಯಾಗ ಇಟ್ಟೆ. ಮೂರ ಸೀಟಿ ಹೊಡಸೀನಿ. ಕಡಿಮಿ ಆತೇನ್ರಿ?”

ನನ್ನ ಕೈಯಿಂದ ಫೋನ್ ಬೀಳುವುದೊಂದು ಬಾಕಿ. “ಆ ಬ್ಯಾಳಿ ಏನ ಮಾಡಿದ್ರಿ?”

“ಒಗ್ಗರಣಿ ಹಾಕೂವಾಗನ ಇದು ಕೈಗೆ ಸಿಕ್ಕಿದ್ದು. ತಗದಿಟ್ಟು ಉಂಡಿವ್ರಿ. ನಮ್ಮನಿಯವರು ಎರಡ ಸಲ ಹಾಕಿಸಿಕೊಂಡ್ರು. ಪುದೀನಾ ಹಾಕಿಯೇನು, ಭಾಳ ಚಲೋ ಆಗೇತಿ ಅಂದ್ರು.”

ಗಾರ್ಡ್ ಪೊಟ್ಟಣದ ಮೇಲೆ ಪುದೀನಾ ಸ್ವಾದ ಎಂದು ಬರೆದಿದ್ದನ್ನು ನಾನು ಆಗ ಓದಿದೆ. ಹುಡುಗನಿಗೆ ಹೊಸ ಗಾರ್ಡ್ ಕೊಟ್ಟು, ನನ್ನೆದುರಿಗೇ ಕ್ಲಾಸಿನಲ್ಲೇ ಅದ್ದಿಸಿದೆ.

ಲೋಂಡಾ ರೈಲಿನಲ್ಲಿ

ಇನ್ನೊಂದು ದೊಡ್ಡ ನಿಯಮ, ತಟ್ಟುವುದು. ಯಾರಾದರೂ ನಮ್ಮ ಕೈಯನ್ನೋ ಕುತ್ತಿಗೆಯನ್ನೋ ಹಿಡಿದಾಗ ಸಾಕೆನಿಸಿದರೆ ಎರಡು ಸಲ ತಟ್ಟಬೇಕು. ನೆಲವಾದರೂ ಸರಿ, ಎದುರಿನವರ ಮೈಯಾದರೂ ಸರಿ. ತಟ್ಟಿದ ಕ್ಷಣವೇ ಹಿಡಿದವರು ಬಿಟ್ಟು, ಹಿಂದೆ ಸರಿದು, ಬಾಗಬೇಕು. ಬಾಯಿಮಾತು ಲೆಕ್ಕಕ್ಕಿಲ್ಲ. ಆಟದಲ್ಲಿ ಎಲ್ಲರೂ ಚೀರುತ್ತಿರುತ್ತಾರೆ, ಯಾರದ್ದು ನಿಜ ಎಂದು ತಿಳಿಯುವುದಿಲ್ಲ.

ಒಮ್ಮೆ ಮಕ್ಕಳನ್ನು ಕರೆದುಕೊಂಡು ಲೋಂಡಾದ ಒಂದು ಶಾಲೆಗೆ ಪ್ರದರ್ಶನ ಕೊಡಲು ರೈಲಿನಲ್ಲಿ ಹೊರಟಿದ್ದೆ. ಒಬ್ಬ ಹುಡುಗ ಕಿಟಕಿಯ ಸರಳು ಹಿಡಿದು ಕಾಡು ನೋಡುತ್ತಿದ್ದ. ಟಿ.ಸಿ. ಬಂದು ಅವನ ಹೆಗಲನ್ನು ಎರಡು ಸಲ ತಟ್ಟಿದರು. ಅವನು ತಟ್ಟನೆ ಸರಳು ಬಿಟ್ಟು, ಹಿಂದೆ ಸರಿದು, ನಡು ಬಾಗಿಸಿದ. ಅವನನ್ನು ನೋಡಿ ರೈಲು ಡಬ್ಬಿಯಲ್ಲಿದ್ದ ನಮ್ಮ ಮಕ್ಕಳೆಲ್ಲ ಎದ್ದು ಸಾಲಾಗಿ ಬಾಗಿದರು.

ಟಿ.ಸಿ. ಬೆಚ್ಚಿ ಪಕ್ಕಕ್ಕೆ ಸರಿದು ನನ್ನ ಕಡೆ ನೋಡಿದರು. “ಇಷ್ಟೂ ಮಂದೀದು ಟಿಕೆಟ್ ಇಲ್ಲೇನ್ರಿ?”

ಟಿಕೆಟ್ ತೋರಿಸಿದೆ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. “ಎಲ್ಲಾ ಬರೋಬ್ಬರಿ ಐತಿ. ಹಂಗಾರ ನಮಸ್ಕಾರ ಯಾಕ ಮಾಡಿದ್ರಿ?” ಎಂದು ಲೋಂಡಾ ಬರುವ ತನಕ ನಮ್ಮ ಡಬ್ಬಿ ಬಿಟ್ಟು ಹೋಗಲಿಲ್ಲ.

ಮೂಗಿನ ಮುಂದೆ

ಖಾನಾಪುರದ ಕ್ಲಾಸಿಗೆ ಮೊದಲು ಸೇರಿದವಳು ಹಾಲ್ ಯಜಮಾನರ ಸೊಸೆಯೇ. ಕೀಲಿಕೈ ತರುವ ನೆಪದಲ್ಲಿ ಬಂದು ನಿಂತುಬಿಟ್ಟಳು. ಅವಳ ಮೇಲೆ ಒಂದು ಕಣ್ಣಿರಲಿ ಎಂದು ಅತ್ತೆ ಬರತೊಡಗಿದರು. ಮೊದಲು ಗೋಡೆಗೆ ಒರಗಿ ಕೂತರು. ಆಮೇಲೆ ಅವರೂ ಸೆರಗು ಸಿಕ್ಕಿಸಿ ನಿಂತರು. ಯಜಮಾನರಿಗೆ ಮಾತ್ರ ಇದ್ಯಾವುದೂ ಗೊತ್ತಿರಲಿಲ್ಲ. ಹೆಂಡತಿ ಭಜನೆಗೆ ಹೋಗುತ್ತಾಳೆ ಎಂದೇ ತಿಳಿದಿದ್ದರು.

ಆ ಭಾನುವಾರ ಮುಷ್ಟಿಯನ್ನು ಎದುರಿನವರ ಮೂಗಿನಿಂದ ಒಂದು ಗೇಣು ದೂರದಲ್ಲಿ ನಿಲ್ಲಿಸುವುದನ್ನು ಕಲಿಸುತ್ತಿದ್ದೆ. ಹೊಡೆಯುವುದು ಸುಲಭ, ನಿಲ್ಲಿಸುವುದೇ ವಿದ್ಯೆ. ಅತ್ತೆಗೆ ಸೊಸೆಯೇ ಜೋಡಿಯಾದಳು.

“ಅತ್ತೀ, ಹೊಡೀಲೇನ್ರಿ?”

“ಹೊಡಿ, ತಂಗಿ.”

ಸೊಸೆ ಉಸಿರೆಳೆದಳು. ಮನೆಯಲ್ಲಿ ತಲೆ ಎತ್ತಿ ಮಾತಾಡದವಳು. ಮುಷ್ಟಿ ಬಂದ ರಭಸಕ್ಕೆ ಅತ್ತೆಯ ಹಣೆಯ ಮೇಲಿನ ಕೂದಲು ಹಾರಿತು. ಸರಿಯಾಗಿ ಒಂದು ಗೇಣು ದೂರದಲ್ಲಿ ನಿಂತಿತು. ಅತ್ತೆಯ ಕಣ್ಣು ನೋಡಿದೆ. ನೀರಿರಲಿಲ್ಲ, ಆದರೆ ರೆಪ್ಪೆ ಬಡಿಯುತ್ತಿರಲಿಲ್ಲ.

ಕ್ಲಾಸು ಮುಗಿದ ಮೇಲೆ ಅವರು ನನ್ನನ್ನು ಬದಿಗೆ ಕರೆದರು. “ಅಕ್ಕಾರ, ಆಕಿ ಹೊಡೀಲಿಲ್ಲ, ಖರೇ. ಆದ್ರ ಆಕಿ ಮುಖ ನೋಡಿದೆ. ನಾಳಿಂದ ಮುಂಜಾನೆ ಚಾ ನಾನ ಮಾಡತೀನಿ.”

ಒಂದು ಹನಿ ನೀರು

ಅದಾದ ಕೆಲವು ವಾರಗಳ ಮೇಲೆ, ಕ್ಲಾಸು ನಡೆದಿರುವಾಗಲೇ ಯಜಮಾನರು ಹಾಲ್ ಬಾಗಿಲಲ್ಲಿ ಬಂದು ನಿಂತರು. ತಲೆಯ ಮೇಲೆ ಬಿಳಿ ಟೊಪ್ಪಿಗೆ, ಕೈಯಲ್ಲಿ ಬಾಗಿಲಿಗೆ ಜಡಿಯಲು ತಂದ ದೊಡ್ಡ ಕೀಲಿ.

“ಹೆಣ್ಮಕ್ಕಳು ಚೀರೂದು ಬಸ್ ಸ್ಟ್ಯಾಂಡ್ ತನಕ ಕೇಳತೈತಂತ. ಯಾರಿಗೆ ಬಡದೈತಿ?”

“ಯಾರಿಗೂ ಬಡದಿಲ್ರಿ. ಹೊಡೀವಾಗ ಉಸಿರ ಬಿಡೂ ರೀತಿ ಅದು. ಇಲ್ಲಿ ಯಾರಿಗೂ ನೋವಾಗೂದಿಲ್ಲ,” ಎಂದೆ.

“ಹಂಗಾರ ನನ್ನನ್ನ ಹಿಡದ ತೋರಸ್ರಿ.”

ಯಾರೂ ಮುಂದೆ ಬರಲಿಲ್ಲ. ಆ ಊರಿನಲ್ಲಿ ಅವರ ಕೈ ಹಿಡಿಯುವ ಧೈರ್ಯ ಯಾರಿಗಿದೆ? ಹಿಂದಿನ ಸಾಲಿನಿಂದ ಅವರ ಹೆಂಡತಿ ಎದ್ದು ಬಂದರು. ಯಜಮಾನರ ಕೈಯಲ್ಲಿದ್ದ ಕೀಲಿ ಜಾರಿ ಕೆಳಗೆ ಬಿತ್ತು.

“ನೀ ಭಜನಿಗೆ ಹೋಗತೀನಿ ಅಂದಿದ್ದಿ?”

“ಇದರಾಗೂ ಎಲ್ಲಾರೂ ಕೂಡೇ ಚೀರತೀವ್ರಿ. ಬರ್ರಿ, ಮೊದಲ ಬಾಗ್ರಿ.”

ಅವರು ಕಕ್ಕಾಬಿಕ್ಕಿಯಾಗಿ ಬಾಗಿದರು. ನಾನು ತಟ್ಟುವ ನಿಯಮವನ್ನು ಬಿಡಿಸಿ ಹೇಳಿದೆ. ಅಷ್ಟರಲ್ಲಿ ಹೆಂಡತಿ ಮಣಿಕಟ್ಟು ಹಿಡಿದು ತಿರುಗಿಸಿ ಆಗಿತ್ತು. ತಿರುಗಿಸುವಾಗ ಅವರ ಪಾದದ ಮೇಲೆ ಕಾಲೂ ಇಟ್ಟಿದ್ದರು.

“ಬಿಡ,” ಎಂದರು ಯಜಮಾನರು.

“ತಟ್ರಿ.”

“ಬಿಡ ಅಂತ ಹೇಳಾಕತ್ತೀನಲ್ಲ!”

“ಹೇಳಿದ್ದು ಲೆಕ್ಕಕ್ಕಿಲ್ರಿ. ಇಷ್ಟ ವರ್ಷ ನಾ ಹೇಳಿದ್ದು ನೀವೇನ ಲೆಕ್ಕಕ್ಕ ಹಿಡದಿದ್ರಿ? ತಟ್ರಿ.”

ನಾನು ಓಡಿ ಹೋಗಿ ನೋಡಿದೆ. ಹಿಡಿತ ನಾನು ಕಲಿಸಿದಂತೆಯೇ ಇತ್ತು, ಒಂದು ಚೂರೂ ಹೆಚ್ಚು ಬಿಗಿಯಿಲ್ಲ. ಅಲ್ಲಿ ನೋಯುತ್ತಿದ್ದದ್ದು ಕೈಯಲ್ಲ. ಕೊನೆಗೆ ಯಜಮಾನರು ತೊಡೆ ತುರಿಸಿಕೊಳ್ಳುವವರ ಹಾಗೆ ನಟಿಸುತ್ತ ಮೆಲ್ಲಗೆ ಎರಡು ಸಲ ತಟ್ಟಿದರು. ಹೆಂಡತಿ ಆ ಕ್ಷಣವೇ ಬಿಟ್ಟರು.

ಅಬ್ಬಾ, ಗೆದ್ದೆವು ಎಂದುಕೊಂಡೆ. ಆದರೆ ಮುಗಿದ ಮೇಲೂ ಬಾಗಬೇಕು ಎಂದು ಯಜಮಾನರು ಶಿಸ್ತಾಗಿ ಬಾಗಿದರು. ಗಂಡನ ಪಾದ ತುಳಿದೆನಲ್ಲ ಎಂದು ಹೆಂಡತಿ ನಮಸ್ಕಾರ ಮಾಡಲು ಅದೇ ಹೊತ್ತಿಗೆ ಬಾಗಿದರು. ಎರಡು ತಲೆಗಳೂ ಟಣ್ ಎಂದವು.

ಯಜಮಾನರು ತಲೆ ಎತ್ತಿದರು. ಎರಡೂ ಕಣ್ಣುಗಳಲ್ಲಿ ನೀರು. ಎಲ್ಲರೂ ಆ ನೀರನ್ನು ನೋಡಿದೆವು, ನೆಲದ ಮೇಲಿನ ಕೀಲಿಯನ್ನೂ ನೋಡಿದೆವು. ನನ್ನ ಕಣ್ಣೂ ತುಂಬಿತು. ಕೀಲಿಯನ್ನು ನಾನೇ ಎತ್ತಿ ಅವರ ಮುಂದೆ ಹಿಡಿದೆ.

“ಮಾತ ಅಂದ್ರ ಮಾತ್ರಿ, ಯಜಮಾನ್ರ. ಹಾಕ್ರಿ.”

ಅವರು ಟೊಪ್ಪಿಗೆಯಿಂದ ಕಣ್ಣೊರೆಸಿಕೊಂಡು ಹೆಂಡತಿಯ ಕಡೆ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿದರು. “ಇದಕ್ಕ ಕೀಲಿ ಹಾಕಿದ್ರ ನೀವಿಬ್ರೂ ಈ ಪ್ರ್ಯಾಕ್ಟೀಸ್ ಎಲ್ಲಿ ಮಾಡತೀರಿ?”

“ಮನ್ಯಾಗ್ರಿ, ಮಾವಾರ,” ಎಂದಳು ಸೊಸೆ ತಲೆ ತಗ್ಗಿಸಿಕೊಂಡೇ. “ಪಡಸಾಲ್ಯಾಗ ಜಾಗಾ ಭಾಳ ಐತಿ. ಹಿಡಿಯಾಕ ನೀವೂ ಇರತೀರಿ.”

ಯಜಮಾನರು ಕೀಲಿ ಹಿಡಿದ ನನ್ನ ಕೈಯನ್ನು ಅವಸರದಿಂದ ಎರಡು ಸಲ ತಟ್ಟಿದರು.

“ಮೇಡಂ, ವಾರಕ್ಕ ಒಂದ ದಿನ ಏನ ಸಾಲತೈತ್ರಿ? ದಿನಾ ಇಲ್ಲೇ ಮಾಡಸ್ರಿ!”